ಮೊದಲ ಆರರಲ್ಲಿ ನಮ್ಮವರುಂಟೆ?

ಆಷಾಢದ ಗಾಳಿ ಬೀಸತೊಡಗಿತೆಂದರೆ ವಿಜಯನಗರದ ನಮ್ಮ ಬೀದಿಯಲ್ಲಿ ಎರಡು ಸಂಗತಿಗಳು ತಪ್ಪದೆ ನಡೆಯುತ್ತವೆ. ಒಂದು, ಮಹಡಿಯ ಮೇಲೆ ಒಣಹಾಕಿದ ಬಟ್ಟೆಗಳು ಪಕ್ಕದ ಮನೆಯವರ ಪಾಲಾಗುತ್ತವೆ. ಇನ್ನೊಂದು, ಹಾಗೆ ಹಾರಿಬಂದ ಪಂಚೆಯನ್ನು ಹಿಂದಿರುಗಿಸುವ ನೆಪದಲ್ಲಿ ಪಕ್ಕದ ಮನೆಯ ಹುಡುಗ ಬಂದು ನಮ್ಮ ವೆರಾಂಡದಲ್ಲಿ ಕುಳಿತು ಕಾಲ್ಚೆಂಡಾಟದ ಮಾತು ತೆಗೆಯುತ್ತಾನೆ. ಒಂಬತ್ತನೆಯ ತರಗತಿಯ ಹುಡುಗ. ಭಾನುವಾರಗಳಂದು ಬಸವೇಶ್ವರನಗರದ ಮೈದಾನವೊಂದರಲ್ಲಿ ಗೋಲು ಕಾಯುತ್ತಾನೆ. 2025ರ ಜುಲೈ ಮೊದಲ ವಾರದಲ್ಲಿಯೂ ಹಾಗೆಯೇ ಬಂದ.

"ತಾತ, ಈ ಸಲ ಬೆಂಗಳೂರು ಎಫ್.ಸಿ. ಪ್ಲೇ-ಆಫ್‌ಗೆ ಹೋಗುತ್ತೋ ಇಲ್ಲವೋ? ಒಂದೇ ಮಾತಲ್ಲಿ ಹೇಳಿಬಿಡಿ. ಹೋಗೋ ಹಾಗಿದ್ದರೆ ಇಡೀ ಋತುವಿನ ಟಿಕೆಟ್ ಕೊಡಿಸ್ತೀನಿ ಅಂದಿದ್ದಾರೆ ಅಪ್ಪ. ನಿಮ್ಮನ್ನ ಕೇಳಿಕೊಂಡು ಬಾ ಅಂದರು."

ನನ್ನ ಮಾತಿನ ಮೇಲೆ ಪಕ್ಕದ ಮನೆಯ ಜಮಾಖರ್ಚು ನಿಂತಿದೆಯೆಂದು ತಿಳಿದ ಕೂಡಲೆ ನಾಲಗೆ ತಾನಾಗಿ ಹಿಂದೆ ಸರಿಯಿತು. ಪಣ ಕಟ್ಟದೆ ಭವಿಷ್ಯ ಹೇಳುವುದು ಸುಲಭ. ಒಬ್ಬ ಹುಡುಗನ ಆಸೆಯೂ ಅವನ ತಂದೆಯ ಸಂಬಳದ ಒಂದು ಭಾಗವೂ ಪಣದಲ್ಲಿರುವಾಗ ಅದು ಅಷ್ಟು ಸುಲಭವಲ್ಲ. "ಕಾಗದ ಪೆನ್ಸಿಲ್ ತಾ ಮಗು, ಲೆಕ್ಕ ಹಾಕಿ ನೋಡೋಣ" ಎಂದೆ.

ಆಟದ ಪರಿಭಾಷೆ ಅರಿಯದ ವಾಚಕರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ಇಂಡಿಯನ್ ಸೂಪರ್ ಲೀಗಿನಲ್ಲಿ ಗೆದ್ದ ತಂಡಕ್ಕೆ ಮೂರು ಅಂಕ, ಪಂದ್ಯ ಸಮವಾದರೆ ಇಬ್ಬರಿಗೂ ಒಂದೊಂದು. ಎಲ್ಲ ಪಂದ್ಯಗಳೂ ಮುಗಿದ ಮೇಲೆ ಅಂಕಪಟ್ಟಿಯ ಮೇಲಿನ ಕೆಲವು ತಂಡಗಳು ಮಾತ್ರ ಕಪ್ಪಿಗಾಗಿ ಮತ್ತೆ ಸೆಣಸುವುದು 2024-25ರವರೆಗಿನ ಪದ್ಧತಿಯಾಗಿತ್ತು. ಆ ಎರಡನೆಯ ಘಟ್ಟವೇ ಪ್ಲೇ-ಆಫ್. 2021-22ರವರೆಗೆ ಅಲ್ಲಿ ನಾಲ್ಕು ತಂಡಗಳಿಗೆ ಮಾತ್ರ ಎಡೆಯಿತ್ತು. 2022-23ರಿಂದ 2024-25ರವರೆಗಿನ ಮೂರು ಋತುಗಳಲ್ಲಿ ಆರಕ್ಕೆ ಎಡೆಯಾಯಿತು. ಮೊದಲೆರಡು ತಂಡಗಳು ನೇರವಾಗಿ ಸೆಮಿಫೈನಲಿಗೆ ಹೋಗುತ್ತಿದ್ದವು. ಮೂರನೆಯದು ಆರನೆಯದರೊಡನೆಯೂ ನಾಲ್ಕನೆಯದು ಐದನೆಯದರೊಡನೆಯೂ ಒಂದೊಂದು ಪಂದ್ಯವಾಡಿ ಗೆದ್ದು ಬರಬೇಕಾಗಿತ್ತು.

ಹುಡುಗ ಮೊದಲು ಬರೆದದ್ದು ಹೋದ ವರ್ಷದ ಸ್ಥಾನವನ್ನು. 2024-25ರಲ್ಲಿ ನಮ್ಮವರು 38 ಅಂಕ ಗಳಿಸಿ ಮೂರನೆಯವರಾಗಿದ್ದರು. ಫೈನಲಿನಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ತಂಡಕ್ಕೆ ಹೆಚ್ಚುವರಿ ವೇಳೆಯಲ್ಲಿ 2-1ರಿಂದ ಸೋತಿದ್ದರು. "ಹೋದ ವರ್ಷ ಮೂರನೆಯವರು, ಆದ್ದರಿಂದ ಈ ವರ್ಷ ಆರರೊಳಗೆ ಖಂಡಿತ" ಎಂದು ಅವನ ವಾದ.

ಆ ಸಾಲನ್ನು ನಾನು ಹೊಡೆದುಹಾಕಿದೆ. 2022-23ರಲ್ಲಿ ನಮ್ಮ ತಂಡ ಫೈನಲಿಗೆ ಹೋಗಿ ಪೆನಾಲ್ಟಿಗಳಲ್ಲಿ ಸೋತಿತ್ತು. ಮರುವರ್ಷ ಏನಾಯಿತು? ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ, ಕೇವಲ 22 ಅಂಕ. ಹತ್ತನೆಯ ಸ್ಥಾನದ ಆ ತಂಡವೇ ಅದರ ಮರುವರ್ಷ ಮತ್ತೆ ಫೈನಲಿನಲ್ಲಿ! ಹೋದ ವರ್ಷದ ಪಟ್ಟಿಯನ್ನು ಹಿಡಿದು ಈ ವರ್ಷದ ಭವಿಷ್ಯ ನುಡಿಯುವವನು ಹಳೆಯ ಪಂಚಾಂಗದಲ್ಲಿ ಹೊಸ ಮುಹೂರ್ತ ಹುಡುಕುವವನಂತೆ.

ಹಾಗಾದರೆ ನೆಚ್ಚಬಹುದಾದ ಅಳತೆ ಯಾವುದು? ಮೊದಲನೆಯದು, ಆರನೆಯ ಸ್ಥಾನದ ಬೆಲೆ. 2022-23ರಲ್ಲಿ 20 ಪಂದ್ಯಗಳಿಂದ 30 ಅಂಕ ಗಳಿಸಿದ ಒಡಿಶಾ ಆರನೆಯದಾಯಿತು. 2023-24ರಲ್ಲಿ 22 ಪಂದ್ಯಗಳಿಂದ ಬರಿಯ 27 ಅಂಕ ಗಳಿಸಿದ ಚೆನ್ನೈಯಿನ್ ತಂಡಕ್ಕೆ ಆ ಸ್ಥಾನ ದೊರೆಯಿತು. 2024-25ರಲ್ಲಿ ಮುಂಬಯಿ ಸಿಟಿಗೆ 24 ಪಂದ್ಯಗಳಿಂದ 36 ಅಂಕ ಬೇಕಾಯಿತು. ಪಂದ್ಯವೊಂದಕ್ಕೆ ಸರಾಸರಿ ಒಂದೂವರೆ ಅಂಕ ಗಳಿಸಿದ್ದರೆ ಈ ಮೂರು ಋತುಗಳಲ್ಲಿಯೂ ಬಾಗಿಲು ತೆರೆದಿರುತ್ತಿತ್ತು. 24 ಪಂದ್ಯಗಳ ಋತುವಿನಲ್ಲಿ ಊರಿನ ಹನ್ನೆರಡರಲ್ಲಿ ಎಂಟನ್ನು ಗೆದ್ದು, ಪರಊರಿನ ಹನ್ನೆರಡರಲ್ಲಿ ಎರಡನ್ನು ಗೆದ್ದು ಆರನ್ನು ಸಮ ಮಾಡಿಕೊಂಡರೆ 36 ಅಂಕ ಕೈಸೇರುತ್ತದೆ. ಉಳಿದ ಎಂಟು ಪಂದ್ಯಗಳನ್ನು ಸೋತರೂ ಆಯಿತು. ಎಂಟು ಸಲ ಸೋತ ತಂಡವೂ ಪ್ಲೇ-ಆಫ್ ಸೇರಬಲ್ಲದೆಂದು ಕೇಳಿ ಹುಡುಗನಿಗೆ ಆಶ್ಚರ್ಯವಾಯಿತು. 2024-25ರಲ್ಲಿ ನಮ್ಮವರು ಸೋತದ್ದೂ ಎಂಟನ್ನೇ ಎಂದು ನೆನಪಿಸಿದೆ.

ಎರಡನೆಯದು ತವರು ಮೈದಾನ. ಲೀಗಿಗೆ ಸೇರಿದ 2017-18ರಿಂದ 2024-25ರವರೆಗಿನ ಎಂಟು ಋತುಗಳಲ್ಲಿ ಬೆಂಗಳೂರು ಐದು ಬಾರಿ ಪ್ಲೇ-ಆಫ್ ಸೇರಿತು, ಮೂರು ಬಾರಿ ತಪ್ಪಿಸಿಕೊಂಡಿತು. ತಪ್ಪಿದ ಮೂರರಲ್ಲಿ ಎರಡು, ಅಂದರೆ 2020-21 ಮತ್ತು 2021-22, ಸಾಂಕ್ರಾಮಿಕದ ಕಾರಣ ಲೀಗ್ ಪಂದ್ಯಗಳೆಲ್ಲವೂ ಗೋವದಲ್ಲಿ ನಡೆದ ಋತುಗಳು. ಕಂಠೀರವ ಕ್ರೀಡಾಂಗಣದಲ್ಲಿ ನಮ್ಮ ಜನರ ಮುಂದೆ ಆಡಿದ ಆರು ಋತುಗಳನ್ನಷ್ಟೇ ಎಣಿಸಿದರೆ ಆರರಲ್ಲಿ ಐದು ಬಾರಿ ಬಾಗಿಲು ದಾಟಿದ್ದಾರೆ. ದಾಟಿದ ಐದು ಬಾರಿಯಲ್ಲಿ ನಾಲ್ಕು ಬಾರಿ ಫೈನಲಿನವರೆಗೂ ನಡೆದಿದ್ದಾರೆ. ಆದರೆ ಕಪ್ಪು ಕೈಗೆ ಬಂದದ್ದು ಒಮ್ಮೆ ಮಾತ್ರ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ. ಅಂದು ಹೆಚ್ಚುವರಿ ವೇಳೆ ಮುಗಿಯಲು ಕೆಲವೇ ನಿಮಿಷಗಳಿರುವಾಗ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲು ಎಫ್.ಸಿ. ಗೋವ ತಂಡವನ್ನು ಸೋಲಿಸಿತು.

ಗೋವದಲ್ಲಿ ಇತರ ತಂಡಗಳೂ ನಮ್ಮವರಂತೆಯೇ ಮನೆ ಬಿಟ್ಟು ಆಡಿದ್ದವಲ್ಲವೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೆ. 2021-22ರಲ್ಲಿ ನಮ್ಮವರು ಆರನೆಯವರಾಗಿದ್ದರು. ನಾಲ್ಕರ ಬದಲು ಆರರ ನಿಯಮ ಅಂದೇ ಇದ್ದಿದ್ದರೆ ಒಳಗೆ ಹೋಗುತ್ತಿದ್ದರು ಎಂಬುದನ್ನೂ ಮರೆಯುವಂತಿಲ್ಲ. ಆರೆಂಟು ಋತುಗಳ ಲೆಕ್ಕ ಶಾಸ್ತ್ರವಾಗದು. ಆದರೂ ಕೂಗುವ ಜನರಿಲ್ಲದಾಗ ಕಳೆದುಕೊಳ್ಳುವುದು ನಮ್ಮ ತಂಡಕ್ಕೆ ಇತರರಿಗಿಂತ ಹೆಚ್ಚೆಂದು ನನಗೆ ತೋರುತ್ತದೆ. ಕಂಠೀರವದ ಪಶ್ಚಿಮ ಅಟ್ಟಣೆಯಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುವ 'ವೆಸ್ಟ್ ಬ್ಲಾಕ್ ಬ್ಲೂಸ್' ಅಭಿಮಾನಿಗಳನ್ನು ಒಮ್ಮೆ ಕೇಳಿದವರು ಈ ಮಾತನ್ನು ಒಪ್ಪಿಯಾರು. ಪಶ್ಚಿಮ ಬಡಾವಣೆಗಳ ನಮಗೆ ಅಲ್ಲಿಗೆ ಹೋಗುವುದೂ ಈಗ ಪ್ರಯಾಸವಲ್ಲ. ಕೆಂಗೇರಿ, ವಿಜಯನಗರಗಳಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದು. ರಾಜಾಜಿನಗರದವರು ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿದರೆ ಸಾಕು.

ಮೂರನೆಯದು, ಗೋಲು ಹೊಡೆಯುವವರು ಯಾರು ಎಂಬ ಪ್ರಶ್ನೆ. 2024-25ರಲ್ಲಿ ತಂಡದ ಅತಿ ಹೆಚ್ಚು ಗೋಲುಗಳು ಸುನಿಲ್ ಛೇತ್ರಿಯವರವು: 14. ಆ ಋತುವಿನ ಉದ್ದಕ್ಕೂ ಅವರಿಗೆ 40 ವರ್ಷ ವಯಸ್ಸು. ಇದು ಅವರ ಹಿರಿಮೆ, ತಂಡದ ಚಿಂತೆ. ಮನೆಯ ಯಜಮಾನರು ಮುಪ್ಪಿನಲ್ಲಿಯೂ ದುಡಿದು ಹಾಕುತ್ತಿರುವುದು ಹೆಮ್ಮೆಯ ಮಾತೇ. ಆದರೆ ಮಕ್ಕಳು ಯಾವಾಗ ದುಡಿಯುತ್ತಾರೆಂದು ನೆರೆಯವರು ಕೇಳಿದರೆ ತಪ್ಪಲ್ಲ. ಋತುವಿಗೆ ಮುನ್ನ ಯಾವ ವಿದೇಶೀ ಆಟಗಾರ ಬಂದನೆಂಬುದಕ್ಕಿಂತ, ಛೇತ್ರಿ ಕುಳಿತ ದಿನ ಗೋಲು ಹೊಡೆಯುವವನು ಯಾರೆಂಬುದನ್ನು ನೋಡಬೇಕು.

ಈ ಮೂರು ಅಳತೆಗೂ ಸಿಕ್ಕದ ಒಂದಂಶ ಇದ್ದೇ ಇರುತ್ತದೆ. 2022-23ರಲ್ಲಿ ಮೊದಲ 12 ಪಂದ್ಯಗಳಿಂದ ನಮ್ಮವರು ಗಳಿಸಿದ್ದು 10 ಅಂಕ. ಅಂದು ಯಾವ ಪಂಡಿತನೂ ಅವರಿಗೆ ಪ್ಲೇ-ಆಫ್ ಬರೆದುಕೊಡುತ್ತಿರಲಿಲ್ಲ. ಉಳಿದ ಎಂಟನ್ನೂ ಸಾಲಾಗಿ ಗೆದ್ದು 34 ಅಂಕದೊಡನೆ ನಾಲ್ಕನೆಯವರಾದರು! ಇನ್ನೊಂದು ಉದಾಹರಣೆ ಕೇಳಿ. 2025ರ ಮಾರ್ಚ್ 11ರಂದು ಕಂಠೀರವದಲ್ಲಿ ಮುಂಬಯಿ ಸಿಟಿ ನಮ್ಮನ್ನು 2-0ಯಿಂದ ಸೋಲಿಸಿ ಆರನೆಯ ಸ್ಥಾನವನ್ನು ಗಿಟ್ಟಿಸಿತು. ಹದಿನೆಂಟು ದಿನಗಳ ಮೇಲೆ, ಮಾರ್ಚ್ 29ರಂದು, ಅದೇ ಮೈದಾನದಲ್ಲಿ ಅದೇ ತಂಡವನ್ನು ನಮ್ಮವರು 5-0ಯಿಂದ ಹಿಂದಿರುಗಿಸಿದರು.

ಕಾಗದದ ಕೊನೆಯಲ್ಲಿ ನನ್ನ ತೀರ್ಪು ಬರೆದೆ: "ಹೋಗುತ್ತಾರೆ. ಮೂರರಲ್ಲಿ ಎರಡು ಪಾಲು ನಂಬಿಕೆ. ಮೂರನೆಯ ಪಾಲಿಗೆ ನಾನು ಜವಾಬ್ದಾರನಲ್ಲ." ಹುಡುಗ ಅದನ್ನು ಕೊಂಡೊಯ್ದು ಓದುವ ಮೇಜಿನ ಮೇಲೆ ಗೋಡೆಗೆ ಅಂಟಿಸಿದ.

ಒಂದು ವಾರ ಕಳೆಯಿತು. ಲೀಗ್ ನಡೆಸುವ ಹಕ್ಕಿನ ಒಪ್ಪಂದ ಆ ವರ್ಷದ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದಿನ ಏರ್ಪಾಡು ಆಗಿಲ್ಲವಾದ್ದರಿಂದ ಋತುವನ್ನೇ ತಡೆಹಿಡಿಯಲಾಗಿದೆ ಎಂಬ ಸುದ್ದಿ ಜುಲೈ 11ರಂದು ಬಂತು. ಆಗಸ್ಟ್ 4ರಂದು ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ನಾವು ಅಂಕಗಳನ್ನೂ ಗೋಲುಗಳನ್ನೂ ಕೂಡಿಸಿ ಕಳೆದಿದ್ದೆವು. ಆಟವೇ ನಡೆಯದೆ ಹೋದೀತೆಂಬ ಯೋಚನೆ ಇಬ್ಬರಿಗೂ ಬಂದಿರಲಿಲ್ಲ. ಚೆಂಡು ಹೆಕ್ಕಿಕೊಡುವ ಹುಡುಗರು, ಅಂಗಿ ಒಗೆಯುವವರು, ಗಾಯಕ್ಕೆ ಪಟ್ಟಿ ಕಟ್ಟುವವರು, ಇವರ ಮನೆಗಳಲ್ಲಿ ಆ ತಿಂಗಳು ಯಾವ ಲೆಕ್ಕ ನಡೆದಿದ್ದೀತೆಂದು ನನ್ನ ಮನೆಯವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಹುಡುಗ ಕೆಲವು ಭಾನುವಾರ ಮೈದಾನಕ್ಕೂ ಹೋಗಲಿಲ್ಲ. "ಆಡೋರಿಗೇ ಸಂಬಳ ಇಲ್ಲ ಅಂದಮೇಲೆ ನಾನ್ಯಾಕೆ ತಾತ ಬೀಳಬೇಕು, ಏಳಬೇಕು?" ಎಂದ. ಅವನಿಗೆ ನನ್ನ ಬಾಲ್ಯದ ಕತೆ ಹೇಳಿದೆ. ಮೈಸೂರು ರಾಜ್ಯದ ತಂಡ 1968-69ರಲ್ಲಿ ಬೆಂಗಳೂರಿನಲ್ಲಿಯೇ ಸಂತೋಷ್ ಟ್ರೋಫಿ ಗೆದ್ದಾಗ ನಾನು ಅವನಿಗಿಂತ ಚಿಕ್ಕವನು. ಮತ್ತೆ ಆ ಟ್ರೋಫಿ ನಮ್ಮ ರಾಜ್ಯಕ್ಕೆ ಬಂದದ್ದು 2023ರ ಮಾರ್ಚ್ 4ರಂದು, ಕರ್ನಾಟಕ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ಐವತ್ತನಾಲ್ಕು ವರ್ಷ ಪ್ರತಿ ಋತುವಿಗೆ ಮುನ್ನವೂ "ಈ ಸಲ ಹೇಗೆ?" ಎಂದು ಯಾರೋ ಕೇಳುತ್ತಲೇ ಇದ್ದರು, ಯಾವುದೋ ಮೈದಾನದಲ್ಲಿ ಹುಡುಗರು ಬಿದ್ದು ಏಳುತ್ತಲೇ ಇದ್ದರು. ಅದಿಲ್ಲದೆ ಹೋಗಿದ್ದರೆ ರಿಯಾದಿಗೆ ಕಳುಹಿಸಲು ಹನ್ನೊಂದು ಜನ ಎಲ್ಲಿಂದ ಬರುತ್ತಿದ್ದರು?

ಲೀಗ್ ಕೊನೆಗೆ 2026ರ ಫೆಬ್ರುವರಿ 14ರಂದು ಆರಂಭವಾಯಿತು: ಹದಿನಾಲ್ಕು ತಂಡಗಳು, 91 ಪಂದ್ಯಗಳ ಒಂದೇ ಸುತ್ತು, ತಂಡವೊಂದಕ್ಕೆ ಹದಿಮೂರೇ ಪಂದ್ಯ. ಊರು-ಪರಊರುಗಳನ್ನು ಸಮನಾಗಿ ತೂಗಿದ ನನ್ನ ಲೆಕ್ಕ ಅಂಥ ಮೊಟಕು ಋತುವಿಗೆ ಒಗ್ಗುವಂಥದಲ್ಲ. ಮುಂದೆ ಮತ್ತೆ ಎರಡು ಸುತ್ತಿನ ಲೀಗೂ ಪ್ಲೇ-ಆಫೂ ಇದ್ದಾಗ ಅದು ಉಪಯೋಗಕ್ಕೆ ಬಂದೀತು. ನಿಮ್ಮ ಮನೆಯ ಮಕ್ಕಳು ಕೇಳಿದಾಗ ಒಂದೂವರೆ ಅಂಕ, ತವರು ಮೈದಾನ, ಗೋಲು ಹೊಡೆಯುವವರು, ಈ ಮೂರನ್ನೂ ನೋಡಿ ಉತ್ತರ ಹೇಳಿ. ಆದರೆ ಅವಕ್ಕೂ ಮೊದಲು ನಾನು ಮರೆತ ಒಂದು ಸಾಲನ್ನು ಕಾಗದದ ತಲೆಯಲ್ಲಿಯೇ ಬರೆದುಕೊಳ್ಳಿ: ಪಂದ್ಯ ನಡೆಯುವುದು ನಿಶ್ಚಯವೇ? ಆಡುವವರ ಮನೆಗೆ ಸಂಬಳ ಮುಟ್ಟಿದೆಯೇ?

ಹುಡುಗ ಆ ಕಾಗದವನ್ನು ಗೋಡೆಯಿಂದ ಇನ್ನೂ ಕಿತ್ತಿಲ್ಲ. ಅವರಪ್ಪ ಮಾತ್ರ ತಮ್ಮ ಷರತ್ತನ್ನು ಕೈಬಿಟ್ಟಿದ್ದಾರೆ. "ಅವರು ಆರರಲ್ಲಿರಲಿ, ಹತ್ತರಲ್ಲಿರಲಿ, ಪಂದ್ಯ ಅಂತ ನಡೆದರೆ ನಾವು ಹೋಗೋದೇ. ನೀವೂ ಬರಬೇಕು ಯಜಮಾನರೇ" ಎಂದು ಮೊನ್ನೆ ಬೇಲಿಯಾಚೆಯಿಂದ ಕರೆದು ಹೇಳಿದರು. ಬರುತ್ತೇನೆಂದು ಮಾತು ಕೊಟ್ಟಿದ್ದೇನೆ.