ಲೆಕ್ಕಪುಸ್ತಕಕ್ಕೆ ಬಾರದ ಇಂಧನದ ವೆಚ್ಚ

ವರ್ಷಾಂತ್ಯದ ಲೆಕ್ಕಪತ್ರಗಳಲ್ಲಿ ‘ವಾಹನ ನಿರ್ವಹಣಾ ವೆಚ್ಚ’ ಎಂಬ ಒಂದು ಸಾಲಿರುತ್ತದೆ. ಪೆಟ್ರೋಲ್ ಬಂಕಿನ ರಸೀದಿಗಳೆಲ್ಲ ಅಲ್ಲಿ ರೂಪಾಯಿಗಳಾಗಿ ಸೇರುತ್ತವೆ. ಉರಿದ ಲೀಟರುಗಳನ್ನು ಕೂಡಿ ನೋಡುವವರು ವಿರಳ.

ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 750 ಗ್ರಾಂ. ಅದು ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕಿಲೋಗ್ರಾಂ, ಡೀಸೆಲ್ಲಿನಿಂದ ಸುಮಾರು 2.7 ಕಿಲೋಗ್ರಾಂ. ಇಂಧನದ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡುವುದರಿಂದ ತೂಕ ಹೀಗೆ ಏರುತ್ತದೆ. ವರ್ಷಕ್ಕೆ 15,000 ಕಿ.ಮೀ. ಓಡುವ, ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರು 1,000 ಲೀಟರ್ ಬಳಸಿ 2.3 ಟನ್ ಅನಿಲವನ್ನು ಬಿಡುತ್ತದೆ. ಅಂತಹ ಹತ್ತು ಕಾರುಗಳಿರುವ ಸಂಸ್ಥೆಯ ಪಾಲು 23 ಟನ್. ಇದರ ಒಂದು ಭಾಗ ಶತಮಾನಗಳ ಕಾಲ ವಾಯುಮಂಡಲದಲ್ಲೇ ಉಳಿದು ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಲೆಕ್ಕಿಗರ ಭಾಷೆಯಲ್ಲಿ ಇದು ಮುಂದಿನ ತಲೆಮಾರಿಗೆ ಸಾಗುವ ಬಾಕಿ.

ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದಂತೆ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳಿಗೆ ಸೆಬಿಯು 2022-23ರಿಂದ ಸುಸ್ಥಿರತೆಯ ವರದಿಯನ್ನು ಕಡ್ಡಾಯಗೊಳಿಸಿದೆ. ಸಣ್ಣ ಉದ್ಯಮಗಳಿಗೆ ಈ ಕಟ್ಟಳೆಯಿಲ್ಲ. ಆದರೆ ದೊಡ್ಡ ಕಂಪನಿಗಳಿಗೆ ಸರಕು ಪೂರೈಸುವವರು ನಾಳೆಯ ಪ್ರಶ್ನೆಗೆ ಇಂದೇ ಸಿದ್ಧರಾಗುವುದು ಲೇಸು.

ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿ 2019ರ ಆಗಸ್ಟ್‌ನಲ್ಲಿ ಶೇ. 12ರಿಂದ ಶೇ. 5ಕ್ಕೆ ಇಳಿದಿದ್ದರೂ, ಇರುವ ಕಾರುಗಳನ್ನೆಲ್ಲ ಒಮ್ಮೆಲೇ ಬದಲಿಸುವುದು ಎಲ್ಲರಿಗೂ ಸಾಧ್ಯವಲ್ಲ. ಮೊದಲ ಹೆಜ್ಜೆಗೆ ಬಂಡವಾಳ ಬೇಕಿಲ್ಲ. ವೋಚರಿನಲ್ಲಿ ರೂಪಾಯಿಯ ಪಕ್ಕದಲ್ಲಿ ಲೀಟರ್ ಹಾಗೂ ಕಿಲೋಮೀಟರುಗಳಿಗೆ ಎರಡು ಅಂಕಣಗಳನ್ನು ತೆರೆದರೆ ಸಾಕು. ಅನಗತ್ಯ ಓಡಾಟ, ಟೈರಿನಲ್ಲಿ ಕಡಿಮೆಯಾದ ಗಾಳಿ, ನಿಂತಲ್ಲೇ ಉರಿಯುವ ಎಂಜಿನ್ ಇವೆಲ್ಲ ಅಲ್ಲಿ ತಾವಾಗಿ ಗೋಚರಿಸುತ್ತವೆ. ಅಳೆಯದ ವೆಚ್ಚವನ್ನು ಯಾವ ವರ್ತಕನೂ ಇಳಿಸಲಾರ.