ಮೀನಿನ ಶೆಡ್ಡಿನೊಳಗ ಹೊರಸು ಹಾಕಬ್ಯಾಡ್ರಿ



ಹೋದ ವಾರ ಮಸ್ಕಿ ಕಡೆ ತಂಗಿಯ ಊರಿಗೆ ಹೋಗಿದ್ದೆ. ಆಕೆಯ ಮಗ ಬಯೋಫ್ಲಾಕ್ ಮಾಡ್ಯಾನ. ತಗಡಿನ ಶೆಡ್, ಒಳಗ ಆರು ತಾಡಪತ್ರಿ ಟ್ಯಾಂಕ್, ತಿಲಾಪಿಯಾ ಮೀನು. ಮೀನು ಚಲೋ ಅದಾವ, ಅದಕ್ಕೆ ಹೆಸರಿಡಂಗಿಲ್ಲ. ಚಳಿಗೆ ನೀರು ತಣ್ಣಗಾಗಬಾರದು ಅಂತ ನಾಲ್ಕೂ ಕಡೆ ಪರದೆ ಕಟ್ಟಿದ್ದ. ಒಳಗ ಕಾಲಿಟ್ಟ ಕೂಡಲೇ ನನ್ನ ಚಾಳೀಸು ಮಬ್ಬಾತು. ಎರಡು ಟ್ಯಾಂಕಿನ ನಡುವೆ ಒಂದು ಹೊರಸು, ಮೇಲೆ ಕೌದಿ. ಹುಡುಗ ರಾತ್ರಿ ಅಲ್ಲೇ ಮಲಗುತ್ತಾನಂತೆ. ಮಾತಿಗೊಮ್ಮೆ ಕೆಮ್ಮುತ್ತಿದ್ದ. ಕೇಳಿದ್ರೆ "ಹವಾ ಬದಲಾಗ್ಯದ ಮಾಮ" ಅಂದ.

ಅಲ್ಲೇ ಯಾಕ ಮಲಗಬೇಕು ಅಂದ್ರೆ ಕರೆಂಟಿನ ಕಾಟ. ಬ್ಲೋವರ್ ನಿಂತು ಜನರೇಟರ್ ಚಾಲೂ ಮಾಡೋದು ತಡ ಆದ್ರೆ ಉಸಿರು ಸಿಗದೆ ಮೀನು ಸಾಯ್ತಾವ.

ಸಿಂಧನೂರು ಕ್ಯಾಂಪುಗಳ ಕಡೆ ಕಾಲುವೆ ನೀರಿನ ಮೀನಿನ ಹೊಂಡ ನಾವೆಲ್ಲ ನೋಡೀವಿ. ಅವು ಬಯಲಾಗ ಇರ್ತಾವ, ಗಾಳಿ ಎಲ್ಲಾ ಹೊತ್ತುಕೊಂಡು ಹೋಗ್ತದ. ಬಯೋಫ್ಲಾಕ್ ಹಂಗಲ್ಲ. ಮೀನಿನ ಹೊಲಸು ತಿನ್ನಲಿ ಅಂತ ಬೆಲ್ಲ, ಕಾಕಂಬಿ ಹಾಕಿ ನಾವೇ ಬ್ಯಾಕ್ಟೀರಿಯಾ ಬೆಳೆಸ್ತೀವಿ. ಹಗಲು ರಾತ್ರಿ ಅದರೊಳಗ ಗಾಳಿ ಬಿಡ್ತೀವಿ. ಗುಳ್ಳೆ ಮೇಲೆ ಬರುವಾಗ ಬ್ಯಾಕ್ಟೀರಿಯಾ ಅಂಟಿಸಿಕೊಂಡೇ ಬರ್ತದ. ಮೇಲೆ ಬಂದು ಒಡೆದಾಗ ಸಿಡಿಯೋ ಸಣ್ಣ ಹನಿಯೊಳಗ ಟ್ಯಾಂಕಿನ ನೀರಿಗಿಂತ ಹೆಚ್ಚು ಬ್ಯಾಕ್ಟೀರಿಯಾ ಇರಬಹುದು. ಹನಿ ಒಣಗಿದ್ರೂ ಉಳಿದ ಕಣ ಗಾಳಿಯಾಗ ತೇಲತಿರ್ತದ. ಪರದೆ ಕಟ್ಟಿದ ಶೆಡ್ಡಿನಿಂದ ಅದು ಎಲ್ಲಿ ಹೋಗಬೇಕು? ಮಲಗಿದವನ ಎದೆಗೇ.

ಎಲ್ಲಾ ಬ್ಯಾಕ್ಟೀರಿಯಾ ರೋಗದವಲ್ಲ, ಗಟ್ಟಿಮುಟ್ಟು ಇದ್ದವರಿಗೆ ಬಹಳ ಸಲ ಏನೂ ಆಗಂಗಿಲ್ಲ. ಆದ್ರೆ ಸತ್ತ ಬ್ಯಾಕ್ಟೀರಿಯಾದ ಚೂರು ಸೈತ ಶ್ವಾಸಕೋಶ ಕೆರಳಿಸ್ತದ, ಅದಕ್ಕೆ ಔಷಧ ಅಂಗಡಿಯ ಆಂಟಿಬಯೋಟಿಕ್ ಗುಳಿಗೆ ನುಂಗಿ ಉಪಯೋಗಿಲ್ಲ. ದಮ್ಮು, ಸಕ್ಕರೆ ಕಾಯಿಲೆ ಇದ್ದವರು, ಮುದುಕರು ಜ್ವಾಕಿ ಇರಬೇಕು. ಮೀನಿನ ಆಹಾರದ ಚೀಲ ಸುರಿಯುವಾಗ ಏಳೋ ಧೂಳೂ ಕೆಟ್ಟದ್ದೇ.

ಇನ್ನೊಂದು ಮಾತು, ಕೈಯಿಂದು. ತಿಲಾಪಿಯಾ ಬೆನ್ನಿನ ಮುಳ್ಳು ಚುಚ್ಚಿದ್ರೆ ನಾವು ಅರಿಶಿಣ ಹಚ್ಚಿ ಸುಮ್ಮನಾಗ್ತೀವಿ. 1996ರಲ್ಲಿ ಇಸ್ರೇಲಿನಾಗ ಕೊಳದ ತಿಲಾಪಿಯಾ ಮುಟ್ಟಿದವರಿಗೆ ಹಿಂಗೇ ಗಾಯದಿಂದ ಸೋಂಕು ಹತ್ತಿ ದೊಡ್ಡ ಸುದ್ದಿ ಆಗಿತ್ತು. ಕೈ ಬಾತು ಕೆಂಪಾದ್ರೆ, ವಾರಗಟ್ಟಲೆ ಗಂಟು ಇಳೀದಿದ್ರೆ ಡಾಕ್ಟರ್ ಹತ್ತಿರ ಹೋಗ್ರಿ, "ಮೀನಿನ ಕೆಲಸ ಮಾಡ್ತೀನಿ" ಅಂತ ಬಾಯಿಬಿಟ್ಟು ಹೇಳ್ರಿ. ಹೇಳದಿದ್ರೆ ಅವರಿಗೆ ಹೊಳೆಯಂಗಿಲ್ಲ.

ಸಬ್ಸಿಡಿ ಸಿಗ್ತದ ಅಂತ ನಮ್ಮ ಹುಡುಗರು ಓಡಾಡ್ತಾರ. ಓಡಾಡಲಿ, ನಾನು ಬ್ಯಾಡ ಅನ್ನಂಗಿಲ್ಲ. ಆದ್ರೆ ಹುಡುಗನಿಗೆ ಟ್ಯಾಂಕ್ ಮಾರಿದವನು ನೀರಿನ ಪಿ.ಎಚ್. ನೋಡೋದು ಕಲಿಸಿದ, ಶೆಡ್ಡಿನ ಗಾಳಿ ಬಗ್ಗೆ ಒಂದು ಮಾತು ಹೇಳಿಲ್ಲ. ನನ್ನ ಪ್ರಕಾರ ಕರೆಂಟ್ ಹೋದ್ರೆ ಗಂಟೆ ಹೊಡೆಯೋ ಅಲಾರಾಂ ಮೊದಲು ಹಾಕಬೇಕು, ಆರನೇ ಟ್ಯಾಂಕ್ ಆಮೇಲೆ. ಪರದೆಯ ಮೇಲಿನ ಎರಡು ಅಡಿ ಚಳಿಗಾಲದಾಗೂ ತೆರೆದಿರಲಿ. ಮೀನು ಒಂದು ವಾರ ತಡವಾಗಿ ತೂಕ ಬಂದ್ರೆ ಬರಲಿ.

ಹುಡುಗನ ಹೊರಸು ನಾನೇ ಎತ್ತಿ ಹೊರಗಿನ ಚಪ್ಪರದಾಗ ಹಾಕಿ ಬಂದೀನಿ. ಕೆಮ್ಮು ಶುರುವಾಗಿ ಎರಡು ವಾರ ದಾಟ್ಯದ, ಟಿ.ಬಿ. ಇಲ್ಲ ಅಂತ ಖಾತ್ರಿ ಆಗಲಿ ಅಂತ ಸೋಮವಾರ ಸರ್ಕಾರಿ ದವಾಖಾನೆಗೆ ಕಫ ಕೊಡೋಕ ಹೋಗ್ತಾನ. ಅದಕ್ಕೆ ರೊಕ್ಕ ಇಲ್ಲ. ನಿಮ್ಮ ಶೆಡ್ಡಿನ್ಯಾಗೂ ಯಾರಾದ್ರೂ ಮಲಗ್ತಿದ್ರೆ ಇವತ್ತೇ ಹೊರಗ ಕರೀರಿ.