ಪರಊರಿನ ಊಟ, ನಾಲ್ಕು ಗಂಟೆಯ ಚಹಾ

ಪ್ರವಾಸ ಹೋದ ನಮ್ಮ ಹೋಟೆಲ್ ಉದ್ಯಮಿಗಳು ಅಲ್ಲಿಯೂ ಮೊದಲು ಹುಡುಕುವುದು ‘ಉಡುಪಿ’ ಎಂಬ ಬೋರ್ಡನ್ನೇ. ಒಗ್ಗಿದ ರುಚಿ, ಸಸ್ಯಾಹಾರದ ಭರವಸೆ, ತಪ್ಪೇನಲ್ಲ. ಆದರೆ ಮೂರು ದಿನವೂ ನಮ್ಮದೇ ಇಡ್ಲಿ-ವಡೆ ತಿಂದು ಬಂದರೆ ವ್ಯಾಪಾರದ ಪಾಠವೇನೂ ಸಿಗುವುದಿಲ್ಲ. ಕೊಚ್ಚಿ, ತಿರುವನಂತಪುರಗಳಿಗೆ ಹೋಗುವ ಸದಸ್ಯರು ಒಂದು ಊಟ, ಒಂದು ಚಹಾವನ್ನಾದರೂ ಆ ಊರಿನವರು ಹೋಗುವ ಕಡೆಯಲ್ಲೇ ಮಾಡಬೇಕೆಂಬುದು ನಮ್ಮ ಅಭಿಪ್ರಾಯ.

ಊಟಕ್ಕೆ ಮೊದಲು ಬೋರ್ಡ್ ನೋಡಿ. ಅಲ್ಲಿನ ಹೆಚ್ಚಿನ ಹೋಟೆಲುಗಳಲ್ಲಿ ಮೀನು-ಮಾಂಸ ಇರುತ್ತದೆ. ಸಸ್ಯಾಹಾರಿಗಳು ಕೇಳಿಯೇ ಕೂರಬೇಕು. ಅನ್ನ ದಪ್ಪನೆಯ ಕೆಂಪು ಮಟ್ಟ ಅಕ್ಕಿಯದು. ಕರಾವಳಿಯ ನಮಗೆ ಕುಚ್ಚಲಕ್ಕಿ ಹೊಸದಲ್ಲ. ಬಯಲುಸೀಮೆಯವರು ಬೆಳ್ತಿಗೆ ಅನ್ನ ಇದೆಯೇ ಎಂದು ವಿಚಾರಿಸುವುದು ಲೇಸು. ಜೊತೆಗೆ ಪದಿಮುಗಂ ಚಕ್ಕೆ ಹಾಕಿ ಕುದಿಸಿದ ತಿಳಿಗೆಂಪು ನೀರು ಬರುತ್ತದೆ. ನೀರು ಕುದಿಸಿದ್ದೆಂದು ಬಣ್ಣವೇ ಹೇಳುತ್ತದೆ. ಅಪರಿಚಿತ ಗ್ರಾಹಕನಿಗೆ ಇದಕ್ಕಿಂತ ಅಗ್ಗದ ಭರವಸೆ ಬೇರೊಂದಿಲ್ಲ.

ತಿರುವನಂತಪುರದಲ್ಲಿ ತಂಬಾನೂರಿನ ಇಂಡಿಯನ್ ಕಾಫಿ ಹೌಸ್ ನೋಡದೆ ಬರಬಾರದು. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ತಂಬಾನೂರಿನ ಕಟ್ಟಡ ಲಾರಿ ಬೇಕರ್ ಅವರ ವಿನ್ಯಾಸ: ಸುತ್ತುತ್ತ ಮೇಲೇರುವ ಇಳಿಜಾರು, ಕಟ್ಟಿಯೇ ನಿಲ್ಲಿಸಿದ ಮೇಜು-ಬೆಂಚು, ಗಾಳಿ-ಬೆಳಕಿಗೆ ಗೋಡೆಯ ತುಂಬ ಕಿಂಡಿಗಳು. ಎ.ಸಿ. ಖರ್ಚಿಲ್ಲ. ಎದುರಿಗೇ ರೈಲು, ಬಸ್ ನಿಲ್ದಾಣ.

ನಿಲ್ದಾಣದ ಬಳಿಯ ಹೋಟೆಲಿಗೆ ಹೊಣೆಯೂ ಹೆಚ್ಚು. 1960ರ ದಶಕದಲ್ಲಿ ತುಂಬಾದ ರಾಕೆಟ್ ಕೇಂದ್ರದಲ್ಲಿ ಕ್ಯಾಂಟೀನ್ ಇಲ್ಲದ ದಿನಗಳಲ್ಲಿ, ಪರಊರುಗಳಿಂದ ಬಂದ ಯುವ ವಿಜ್ಞಾನಿಗಳು ತಿರುವನಂತಪುರ ರೈಲು ನಿಲ್ದಾಣದ ಕ್ಯಾಂಟೀನಿನಿಂದ ಊಟ ಕಟ್ಟಿಸಿಕೊಂಡು ಹೋಗುತ್ತಿದ್ದರು. ಊರಿಗೆ ಹೊಸಬನಾದವನು ನಂಬುವುದು ನಮ್ಮಂಥ ಅಡುಗೆಮನೆಯನ್ನೇ.

ಇನ್ನು ಚಹಾ. ಮಲಯಾಳಿಗಳಲ್ಲಿ ‘ನಾಲುಮಣಿ ಪಲಹಾರಂ’ ಎಂದೇ ಒಂದು ಮಾತಿದೆ. ಅಂದರೆ ನಾಲ್ಕು ಗಂಟೆಯ ತಿಂಡಿ. ನೇಂದ್ರ ಬಾಳೆಯ ಪಳಂಪೊರಿ, ಪರಿಪ್ಪುವಡೆ, ಹೆಸರುಕಾಳು-ಬೆಲ್ಲದ ಸುಗಿಯನ್, ಎಲೆಯಲ್ಲಿ ಬೇಯಿಸಿದ ಅಡ. ಚಹಾ ಎಲ್ಲಿ ಕುಡಿಯುವುದೆಂದು ಯಾರನ್ನೂ ಕೇಳಬೇಕಿಲ್ಲ. ಬಾಣಲೆ ಒಲೆಯ ಮೇಲಿದ್ದು, ಗಾಜಿನ ಪೆಟ್ಟಿಗೆ ಖಾಲಿಯಾಗುತ್ತ ತುಂಬುತ್ತ ಇರುವ ಅಂಗಡಿಗೆ ಹೋಗಿ. ಪೆಟ್ಟಿಗೆ ತುಂಬಿ ಬಾಣಲೆ ಆರಿದ್ದರೆ ಮುಂದೆ ನಡೆಯಿರಿ.

ನಮ್ಮಲ್ಲಿ ಆ ಹೊತ್ತಿಗೆ ಏನಾಗುತ್ತಿದೆ? ಮೂರರಿಂದ ಐದರವರೆಗೆ ಎಷ್ಟೋ ಹೋಟೆಲುಗಳಲ್ಲಿ ಕಾಫಿ-ಟೀ ಬಿಟ್ಟರೆ ‘ತಿಂಡಿ ಖಾಲಿ’. ಹಸಿದ ಪ್ರಯಾಣಿಕ ಪಕ್ಕದ ಬೇಕರಿಗೆ ಹೋಗಿ ಪಫ್ಸ್ ತಿನ್ನುತ್ತಾನೆ. ಒಮ್ಮೆ ದಾರಿ ತಪ್ಪಿದ ಗ್ರಾಹಕ ಬೆಳಗಿನ ತಿಂಡಿಗೂ ಮರಳುವುದು ಕಷ್ಟ. ಗೋಳಿಬಜೆ, ಬನ್ಸ್, ಅಂಬಡೆ ನಮಗೆ ಯಾರೂ ಕಲಿಸಬೇಕಾದ್ದಲ್ಲ. ಒಬ್ಬ ಅಡುಗೆಯವನ ಪಾಳಿ ಬದಲಿಸಿ, ದಿನಕ್ಕೆರಡೇ ಬಗೆ, ಬಿಸಿಯಾಗಿ ಕೊಟ್ಟರೆ ಸಾಕು.

ಸದಸ್ಯ ಬಾಂಧವರು ಮುಂದಿನ ಪ್ರವಾಸದಲ್ಲಿ ಮಾಲೀಕರೆಂಬುದನ್ನು ಮರೆತು ಗ್ರಾಹಕರಾಗಿ ಕುಳಿತು ನೋಡಲಿ. ಮರಳಿದ ಮೇಲೆ ನಾಲ್ಕು ಗಂಟೆಗೆ ತಮ್ಮ ಹೋಟೆಲಿಗೂ ಹಾಗೆಯೇ ಒಮ್ಮೆ ಹೊಕ್ಕು ನೋಡಲಿ.